ಯಾರ ಮನೆಗೂ ಹೋಗದ ಕಲ್ಲು

ಅಂಕಲಾಪುರದವರಿಗೆ ತಲಾ ಎರಡು ಮನೆ. ಒಂದು ದಡದ ಮೇಲೆ, ಇನ್ನೊಂದು ನೀರಿನ ಕೆಳಗೆ. ದಡದ ಮೇಲಿನದಕ್ಕೆ ಹಕ್ಕುಪತ್ರ ಇದೆ, ನೀರಿನ ಕೆಳಗಿನದಕ್ಕೆ ಹಿರಿಯರ ಬಾಯಿಮಾತೇ ಹಕ್ಕುಪತ್ರ. ತುಂಗಭದ್ರೆಗೆ ಅಣೆಕಟ್ಟು ಎದ್ದು ಹಿನ್ನೀರು ಹಳೆಯ ಊರನ್ನು ನುಂಗಿದಾಗ ಜನ ಅತ್ತು ಕರೆದು, ಗಾಡಿ ಕಟ್ಟಿಕೊಂಡು ಹಂಪಸಾಗರದಾಚೆಯ ದಿಬ್ಬಕ್ಕೆ ಬಂದು, ಅದೇ ಹೆಸರಿನ ಹೊಸ ಊರು ಕಟ್ಟಿಕೊಂಡರು. ಅತ್ತದ್ದು ಮುಗಿದ ಮೇಲೆ ಗೊತ್ತಾಯಿತು, ಮುಳುಗಿದ ಗೋಡೆಗಳ ಸುತ್ತ ಮೀನು ಕೂಡುತ್ತವೆ ಎಂದು. ಬಯಲು ನೀರಿನ ತಳವೆಲ್ಲ ಬರೀ ಕೆಸರು, ಅಲ್ಲಿ ಮೀನಿಗೆ ತಿನ್ನಲೂ ಇಲ್ಲ, ಅಡಗಲೂ ಇಲ್ಲ. ಕಲ್ಲಿದ್ದಲ್ಲಿ ಪಾಚಿ, ಪಾಚಿಯಿದ್ದಲ್ಲಿ ಸಣ್ಣ ಮೀನು, ಸಣ್ಣ ಮೀನಿದ್ದಲ್ಲಿ ಅದನ್ನು ನುಂಗುವ ದೊಡ್ಡ ಮೀನು. ಹಿರಿಯರು ಕಟ್ಟೆಯ ಮೇಲೆ ಕೂತು ಕಾಯ್ದೆ ಮಾಡಿದರು: ನಿನ್ನ ಮನೆಯ ಗೋಡೆ, ನಿನ್ನ ಮೀನು. ಇನ್ನೊಬ್ಬರ ಮನೆಯ ಮೇಲೆ ಬಲೆ ಬೀಸುವ ಹಾಗಿಲ್ಲ.

ಬೇಸಿಗೆಯಲ್ಲಿ ನೀರು ಇಳಿದು ಮೋಟು ಗೋಡೆಗಳು ತಲೆಯೆತ್ತಿದಾಗ ಪ್ರತಿ ಮನೆಯವರೂ ತಮ್ಮ ಗೋಡೆಗೆ ಉದ್ದನೆಯ ಹಗ್ಗ ಬಿಗಿದು, ಅದರ ತುದಿಗೆ ಎಣ್ಣೆಯ ಖಾಲಿ ಡಬ್ಬಿ ಕಟ್ಟಿ ಬರುತ್ತಾರೆ. ಮಳೆಗಾಲದಲ್ಲಿ ನೀರು ಏರಿದರೆ ಡಬ್ಬಿ ತೇಲುತ್ತದೆ, ಅದರ ಬುಡದಲ್ಲಿ ಮನೆ. ಹೊಸ ಡಬ್ಬಿಗೆ ಮೊದಲ ಗಂಟು ಊರ ಹಿರಿಯನ ಕೈಯಿಂದಲೇ ಬೀಳಬೇಕು. ಹಾಗೆ ಕಟ್ಟಿದ ಡಬ್ಬಿಯ ಹಗ್ಗ ಕೊಯ್ದವನು ಮನೆಯ ಬಾಗಿಲು ಒದ್ದವನಿಗೆ ಸಮ.

ಕೇಳಲು ಚೆನ್ನಾಗಿದೆ. ಗೋಡೆ ಇದ್ದವರಿಗೆ ಎಲ್ಲ ಕಾಯ್ದೆಯೂ ಚೆನ್ನಾಗಿಯೇ ಇರುತ್ತದೆ. ಜಂಬಕ್ಕನ ಮನೆತನದವರು ಕಲ್ಲು ಒಡೆಯುವವರು. ಹಳೆಯ ಊರಿನ ಗೌಡರ ಮನೆ, ಚಾವಡಿ, ಹನುಮಪ್ಪನ ಗುಡಿ, ಎಲ್ಲಕ್ಕೂ ಕಲ್ಲು ಸೀಳಿ ಕೊಟ್ಟವರು ಅವರು. ತಾವು ಮಾತ್ರ ಊರ ಹೊರಗಿನ ಕೇರಿಯಲ್ಲಿ ಮಣ್ಣಿನ ಗೋಡೆಯ ಗುಡಿಸಲಿನಲ್ಲಿದ್ದರು. ನೀರು ಬಂದ ಮೊದಲ ಮಳೆಗಾಲದಲ್ಲೇ ಆ ಕೇರಿ ಕರಗಿ ಕೆಸರಾಗಿ ಹೋಯಿತು. ಹಾಗಾಗಿ ಅಂಕಲಾಪುರದ ಹೆಂಗಸರೆಲ್ಲ ತಮ್ಮ ಮನೆಯ ಮೀನು ಮಾರುವಾಗ, ಜಂಬಕ್ಕ ದಡದಲ್ಲಿ ಕೂತು ಇನ್ನೊಬ್ಬರ ಮೀನಿನ ಹೊಟ್ಟೆ ಸೀಳುತ್ತಿದ್ದಳು, ಇನ್ನೊಬ್ಬರ ಬಲೆ ಹೊಲಿಯುತ್ತಿದ್ದಳು, ಹಗರಿಬೊಮ್ಮನಹಳ್ಳಿಯಿಂದ ಗಾಡಿ ತರುವ ವ್ಯಾಪಾರಿ ಇಸಾಕಸಾಬನಿಗೆ ಐಸು ಕುಟ್ಟಿಕೊಡುತ್ತಿದ್ದಳು. ನಲವತ್ತು ದಾಟಿದ ಮೇಲೆ ಒಂದು ದಿನ ಅವಳಿಗೆ ಸಾಕೆನಿಸಿತು. ಮೀನುಗಾರರ ಸಂಘಕ್ಕೆ ಸೇರಿ ಲೈಸೆನ್ಸ್ ತಂದಳು. ಗಂಡ ಪಕ್ಕೀರಪ್ಪನನ್ನು ಕೂರಿಸಿಕೊಂಡು ಬಿದಿರು ಸೀಳಿ, ಬುಟ್ಟಿ ಹೆಣೆದು, ತಾಡಪಾಲು ಹೊದಿಸಿ, ಡಾಂಬರು ಬಳಿದು ಹರಿಗೋಲು ಮಾಡಿದಳು. ಆಮೇಲೆ ಜಾಗ ಕೇಳಲು ಕಟ್ಟೆಗೆ ಹೋದಳು.

ಕಟ್ಟೆಯ ಮೇಲೆ ಹಿರಿಯ ಯರ್ರೆಪ್ಪ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದ. ಸುತ್ತ ಹತ್ತಾರು ಗಂಡಸರು.

"ಜಾಗ ಕೇಳಾಕ ಬಂದೀಯೇನಬೇ ಜಂಬಕ್ಕ? ನಿಮ್ಮ ಗ್ವಾಡಿ ಎಲ್ಲೈತಿ? ಮಣ್ಣಿನ ಗ್ವಾಡಿ, ಅದನ್ನ ನೀರು ತಿಂದು ನಿಮ್ಮಜ್ಜಿಗೆ ಹಲ್ಲು ಉದುರ್ಯಾವು."

"ಲೈಸೆನ್ಸ್ ಕೊಟ್ಟಾರಲ್ರಿ ಯಜಮಾನ್ರ."

"ಕೊಟ್ಟಾರ. ನೀರಿಗೆ ಕೊಟ್ಟಾರ, ಗ್ವಾಡಿಗಲ್ಲ. ಬಯಲ ನೀರಾಗ ಎಲ್ಲಿ ಬೇಕಲ್ಲಿ ಬಲಿ ಹಾಕು, ಯಾರು ಬ್ಯಾಡಂದ್ರು?"

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದರೆ ಇದೇ. ಗಂಡಸರು ನಕ್ಕರು. ನಗು ಕೇಳಿ ಯರ್ರೆಪ್ಪನಿಗೆ ಹುರುಪು ಬಂತು. ಎಲೆಯ ರಸ ಉಗುಳಿ ಅವನು ಹೇಳಿದ, "ಕೇಳಿಲ್ಲಿ. ನೀರಿನ ತಳದಾಗ ನಿಮ್ಮದು ಅನ್ನೋ ಒಂದ ಒಂದು ಕಲ್ಲು ತೋರ್ಸು. ನಾನ ಬಂದು, ನನ್ನ ಕೈಯಾರ ಡಬ್ಬಿ ಕಟ್ಟತೀನಿ. ಮಾರ್ನವಮಿ ಒಳಗ ತೋರ್ಸಲಿಲ್ಲ ಅಂದ್ರ, ಹರಗೋಲ ಬೋರಲು ಹಾಕಿ ಐಸು ಕುಟ್ಟಾಕ ಹೋಗು. ಮತ್ತ ಈ ಕಟ್ಟಿಗೆ ಬರಬ್ಯಾಡ."

ಇನ್ನೊಬ್ಬಳಾಗಿದ್ದರೆ ಸೆರಗು ಕಚ್ಚಿಕೊಂಡು ಮನೆಗೆ ಹೋಗುತ್ತಿದ್ದಳು. ಜಂಬಕ್ಕ ಅಲ್ಲಿದ್ದ ಒಬ್ಬೊಬ್ಬರ ಮುಖವನ್ನೂ ನೋಡಿದಳು.

"ಮಾತು ಕಟ್ಟಿ ಮ್ಯಾಲೆ ಬಿದ್ದೈತ್ರಿ. ಇವ್ರೆಲ್ಲ ಕೇಳ್ಯಾರ. ಆಮ್ಯಾಲೆ ಕೇಳಿಲ್ಲ ಅನಬ್ಯಾಡ್ರಿ," ಎಂದು ಬಂದುಬಿಟ್ಟಳು.

ದಾರಿಯಲ್ಲಿ ಪಕ್ಕೀರಪ್ಪ ಗೊಣಗಿದ. ಅವನು ಹಿರೇಹಡಗಲಿಯ ಕಡೆಯವನು, ಮಳೆ ನಂಬಿದ ಹೊಲದ ಕೂಲಿ ಮಾಡಿಕೊಂಡಿದ್ದವನು, ಹೆಂಡತಿಯ ಮನೆಗೆ ಅಳಿಯನಾಗಿ ಬಂದವನು. ನೀರೆಂದರೆ ಅವನಿಗೆ ಕುಡಿಯಲಿಕ್ಕೆ ಮಾತ್ರ. "ಲೇ ಜಂಬಿ, ಇಲ್ಲದ ಕಲ್ಲು ಎಲ್ಲಿಂದ ತರ್ತೀ?"

"ಎಲ್ಲಾ ಕಲ್ಲೂ ನಮ್ಮೋರ ಒಡದದ್ದು. ಒಂದಾದ್ರೂ ನಮಗ ಅಂತ ಉಳ್ದಿರಾಕಿಲ್ಲೇನು?" ಎಂದಳು. ಸಿಟ್ಟಿಗೆ ಆಡಿದ ಮಾತು ಅದು. ಆದರೆ ಆಡಿದ ಮೇಲೆ ಅದು ತಲೆಯಲ್ಲೇ ಕೂತಿತು, ಮನೆ ಮುಟ್ಟುವವರೆಗೂ ಇಳಿಯಲಿಲ್ಲ.

ಮನೆಯ ಬಾಗಿಲಲ್ಲಿ ಅಜ್ಜಿ ಮೈಲಮ್ಮ ಗೋಡೆಗೊರಗಿ ಕೂತಿದ್ದಳು. ಕಣ್ಣಿಗೆ ಪೊರೆ ಬಂದು ಬೆಳಕು ಕತ್ತಲೆ ಎರಡೇ ಕಾಣುತ್ತಿದ್ದವು. ಆದರೆ ಹಳೆಯ ಊರು ಮುಳುಗುವ ಮುಂಚೆ ಹುಡುಗಿಯಾಗಿ ಅಲ್ಲಿ ಓಡಾಡಿದವರಲ್ಲಿ ಉಳಿದವಳು ಅವಳೊಬ್ಬಳೇ. ಜಂಬಕ್ಕ ಅವಳ ಎದುರು ಕುಕ್ಕರಗಾಲಲ್ಲಿ ಕೂತು ಕೇಳಿದಳು, "ಅಜ್ಜಿ, ನಿಮ್ಮಪ್ಪ ಕಲ್ಲು ಒಡೀತಿದ್ದದ್ದು ಎಲ್ಲಿ?"

"ಕಲ್ಲುಗುಂಡ್ಯಾಗ."

"ಅದು ಎಲ್ಲಿತ್ತು?"

"ಹೊಳಿ ಮಗ್ಗಲಾಗ, ತಗ್ಗಿನಾಗ. ದಿನಾ ಬುತ್ತಿ ಒಯ್ತಿದ್ದೆ." ಅಜ್ಜಿ ಗೋಡೆಯಿಂದ ಬೆನ್ನೆತ್ತಿ ನೆಟ್ಟಗೆ ಕೂತಳು. "ಹನುಮಪ್ಪನ ಗುಡಿ ಬೆನ್ನಿಗೆ ಹಾಕ್ಕೊಂಡು, ಜೋಡಿಗುಡ್ಡದ ನಡುವಿನ ಕಣಿವಿಗೆ ಮಾರಿ ಮಾಡಿ ನಡೀಬೇಕು. ಹೋಗ್ತಾ ಹೋಗ್ತಾ ಕರಿಗುಡ್ಡದ ಹಿಂದ ಕಳ್ಳಗುಡ್ಡ ಇಣುಕತೈತಿ. ಅದರ ಮೂಗು ಕಂಡ ಕೂಡ್ಲೆ ನಿಂದ್ರು. ಅಲ್ಲೇ ನಮ್ಮಪ್ಪ ಕುಂತು ಉಣ್ತಿದ್ದ."

"ಗುಂಡಿ ಹೆಂಗಿತ್ತು?"

"ಗುಂಡಿ ಏನು ಬಂತು, ಗುಂಡಿ ಸುತ್ತ ಕಲ್ಲಿನ ಗುಡ್ಡಿ. ಸೀಳಾಕ ಹೋಗಿ ಕೆಟ್ಟದ್ದು, ಅರ್ಧ ಒಡದು ಬಿಟ್ಟದ್ದು, ಗೌಡ್ರು ಬ್ಯಾಡಂದದ್ದು. ಅದರ ಮ್ಯಾಲೆ ಹತ್ತಿ ನಾವು ಆಡ್ತಿದ್ವಿ."

ಜಂಬಕ್ಕ ಅಜ್ಜಿಯ ಹತ್ತಿರಕ್ಕೆ ಜರುಗಿದಳು. ಕಲ್ಲಿನ ಗುಡ್ಡೆ! ಒಂದು ಮೋಟು ಗೋಡೆಗೆ ಅಷ್ಟು ಮೀನು ಕೂಡುವುದಾದರೆ ಒಂದು ಗುಡ್ಡೆಗೆ ಎಷ್ಟು ಕೂಡಬೇಕು? ತಗ್ಗಿನ ಜಾಗವಾದ್ದರಿಂದ ಬೇಸಿಗೆಯಲ್ಲೂ ಅಲ್ಲಿ ನೀರು ಆರುವುದಿಲ್ಲ, ಅದು ಯಾರ ಕಣ್ಣಿಗೂ ಬಿದ್ದಿಲ್ಲ. ಹುಡುಕಿದವರೂ ಇಲ್ಲ. ತಂತಮ್ಮ ಮನೆಯ ನೆತ್ತಿ ಬಿಟ್ಟು ಆಚೆ ಬಲೆ ಹಾಕದ ಜನ ಬೇರೆ ಕಡೆ ಯಾಕೆ ಹುಡುಕಿಯಾರು?

ಮರುದಿನ ಬೆಳಿಗ್ಗೆಯೇ ಹೊರಟರು. ಆಳ ನೋಡಲು ಜಂಬಕ್ಕ ಅಟ್ಟದ ಮೇಲಿದ್ದ ಅಪ್ಪನ ಸಮ್ಮಟಿಗೆಯನ್ನು ತೆಗೆದು, ಕಾವು ಕಳಚಿ, ಕಬ್ಬಿಣದ ತಲೆಗೆ ಹಗ್ಗ ಬಿಗಿದಿದ್ದಳು. ಅದನ್ನು ನೀರಿಗೆ ಇಳಿಬಿಟ್ಟರೆ ತಳ ಏನೆಂದು ಕೈಗೆ ತಿಳಿಯುತ್ತದೆ. ಕೆಸರಾದರೆ ಹಗ್ಗ ಸದ್ದಿಲ್ಲದೆ ಸಡಿಲಾಗುತ್ತದೆ, ಎಳೆದಾಗ ಕಚ್ಚಿಕೊಂಡು ಬರುತ್ತದೆ. ಕಲ್ಲಾದರೆ ಮಣಿಕಟ್ಟಿಗೆ ಟಣ್ಣೆಂದು ಹೊಡೆಯುತ್ತದೆ. ಪಕ್ಕೀರಪ್ಪ ಹುಟ್ಟು ಹಾಕಿದ. ಜಂಬಕ್ಕ ದಿಬ್ಬದ ಮೇಲಿನ ಹನುಮಪ್ಪನ ಗುಡಿಯ ಗೋಪುರವನ್ನು ಬೆನ್ನಿಗೆ ಹಾಕಿಕೊಂಡು, ಜೋಡಿಗುಡ್ಡದ ಕಣಿವೆಗೆ ಮುಖ ಮಾಡಿ, ಕರಿಗುಡ್ಡದ ಮಗ್ಗುಲಲ್ಲಿ ಕಳ್ಳಗುಡ್ಡದ ಮೂಗು ಇಣುಕುವವರೆಗೆ ಹೋಗಿ ಸಮ್ಮಟಿಗೆ ಇಳಿಬಿಟ್ಟಳು.

ಕೆಸರು.

ಸ್ವಲ್ಪ ಆಚೆ ಬಿಟ್ಟಳು. ಕೆಸರು. ಈಚೆ ಬಿಟ್ಟಳು. ಕೆಸರೇ. ಶ್ರಾವಣ ಮುಗಿಯಿತು, ಗಣಪತಿ ಬಂದು ಹೋದ, ದಿನವೂ ಹೋಗುವುದು, ಕೆಸರು ಎತ್ತಿಕೊಂಡು ಬರುವುದು. ಗಾಳಿ ಜೋರಾದ ದಿನ ಹರಿಗೋಲು ನಿಂತಲ್ಲೇ ಬುಗುರಿಯ ಹಾಗೆ ತಿರುಗಿ, ಪಕ್ಕೀರಪ್ಪ ಉಂಡದ್ದೆಲ್ಲ ಕಕ್ಕಿದ. ದಡದಲ್ಲಿ ಯರ್ರೆಪ್ಪನ ತಮ್ಮ ದುರುಗಣ್ಣ, "ಜಂಬಕ್ಕ, ಕೆಸರು ಎಷ್ಟು ಸಿಕ್ತು? ಮನಿ ಸಾರ್ಸಾಕ ಸಾಕಾತೇನು?" ಎಂದು ಕೇಳುತ್ತಿದ್ದ. ಅವನು ಕೆಟ್ಟವನಲ್ಲ, ನಾಲ್ಕು ಜನ ನಗುವಾಗ ತಾನೂ ನಗುವ ಜಾತಿಯವನು. ಆದರೆ ಅದು ಚುಚ್ಚುವುದೇನೂ ಕಡಿಮೆಯಾಗುವುದಿಲ್ಲ.

ಮಾರ್ನವಮಿ ಹತ್ತಿರ ಬಂದಾಗ ಒಂದು ಮಧ್ಯಾಹ್ನ ಜಂಬಕ್ಕ ಸಮ್ಮಟಿಗೆಯನ್ನು ಅಂಗಳದಲ್ಲಿ ಎಸೆದು ಅಜ್ಜಿಯ ಮೇಲೆ ಹರಿಹಾಯ್ದಳು. "ನಿನ್ನ ಗುಡ್ಡನೂ ಸುಳ್ಳು, ನಿನ್ನ ಗುಂಡಿನೂ ಸುಳ್ಳು! ಊರಾಗ ಮಾರಿ ಎತ್ತದಂಗ ಮಾಡಿದಿ."

ಅಜ್ಜಿ ಬೇಸರಪಟ್ಟುಕೊಳ್ಳಲಿಲ್ಲ. "ಯಾವ ಗುಡಿ ಬೆನ್ನಿಗೆ ಹಾಕಿದಿ?"

"ಹನುಮಪ್ಪನ ಗುಡಿ. ನೀನ ಹೇಳಿದ್ದಿ!"

"ಯಾವ ಹನುಮಪ್ಪ?"

"ಊರಾಗ ಎಷ್ಟು ಹನುಮಪ್ಪ ಅದಾರ? ಈ ದಿಬ್ಬದ ಮ್ಯಾಲಿನ..." ಎಂದವಳು ಅಲ್ಲಿಗೇ ನಿಲ್ಲಿಸಿದಳು.

ಮೈಲಮ್ಮ ಬೊಚ್ಚುಬಾಯಿ ತೆರೆದು ನಕ್ಕಳು. "ಹುಚ್ಚಿ! ಈ ಗುಡಿ ನನ್ನ ಮದಿವ್ಯಾದ ಮ್ಯಾಲೆ ಕಟ್ಟಿದ್ದು. ನಾನು ಹೇಳಿದ ಹನುಮಪ್ಪ ನೀರಾಗ ಅದಾನ."

ಇದು ಅಂಕಲಾಪುರದವರು ಮಾತ್ರ ಮಾಡಬಹುದಾದ ತಪ್ಪು. ಹಳೆಯ ಊರು ಬಿಡುವಾಗ ಕಲ್ಲು ಹೊರಲಾಗದೆ ಹೆಸರುಗಳನ್ನೆಲ್ಲ ಗಾಡಿಗೆ ಹೇರಿಕೊಂಡು ಬಂದವರು ಇವರು. ಗೌಡರ ಓಣಿ, ಚಾವಡಿ, ಅಗಸಿಬಾಗಿಲು, ಗುಡಿ, ಎಲ್ಲಕ್ಕೂ ಇಲ್ಲೊಂದು, ಅಲ್ಲೊಂದು. ಇಲ್ಲಿ ಹುಟ್ಟಿದವರಿಗೆ ಇಲ್ಲಿನದೇ ಊರು. ಅಜ್ಜಿಗೆ ಮಾತ್ರ ಇದು ಇನ್ನೂ ಬಿಡಾರ. ಜಂಬಕ್ಕ ಹಣೆ ಹಣೆ ಬಡಿದುಕೊಂಡಳು, ಆಮೇಲೆ ಅಜ್ಜಿಯ ಜೊತೆ ತಾನೂ ನಕ್ಕಳು.

ಆದರೆ ನೀರಿನ ಕೆಳಗಿರುವ ಗುಡಿಯನ್ನು ಬೆನ್ನಿಗೆ ಹಾಕಿಕೊಳ್ಳುವುದು ಹೇಗೆ? ಅದನ್ನು ಯೋಚಿಸುತ್ತ ಸಂಜೆ ದಡಕ್ಕೆ ಹೋಗಿ ನಿಂತಳು. ಎದುರಿಗೆ ಡಬ್ಬಿಗಳು ತೇಲುತ್ತಿದ್ದವು. ದಿನವೂ ನೋಡಿದ ಡಬ್ಬಿಗಳೇ. ನಡುವೆ ಕಾವಿ ಬಟ್ಟೆ ಕಟ್ಟಿದ್ದು ಗುಡಿಯ ಡಬ್ಬಿ, ಅದರ ಮೀನು ದೇವರ ಪಾಲಿಗೆ. ಅದರ ಬಲಕ್ಕೆ ಸಾಲಾಗಿ ಗೌಡರ ಓಣಿಯ ಡಬ್ಬಿಗಳು. ಎಡಕ್ಕೆ ಚಾವಡಿ. ತುದಿಯಲ್ಲಿ ಯರ್ರೆಪ್ಪನ ಹಳದಿ ಡಬ್ಬಿ, ಅಂದರೆ ಅಗಸಿಯ ಪಕ್ಕದ ಮನೆ. ಹಳೆಯ ಊರಿನ ಓಣಿಗಳೆಲ್ಲ ನೀರಿನ ಮೇಲೆ ಬಿದ್ದುಕೊಂಡಿದ್ದವು. ಇದು ನಮ್ಮದು, ಇದು ನಮ್ಮದು, ನೀನು ಆಚೆ ನಿಲ್ಲು ಎಂದು ಡಬ್ಬಿ ಕಟ್ಟಿದವರೇ ಅವಳಿಗೆ ದಾರಿ ಬರೆದಿಟ್ಟಿದ್ದರು.

"ನಾಳೆ ಅಜ್ಜಿನೂ ಬರ್ತಾಳ," ಎಂದು ಗಂಡನಿಗೆ ಹೇಳಿದಳು.

"ಕಣ್ಣು ಕಾಣದ ಮುದುಕಿನ ಹರಗೋಲದಾಗ ಕುಂದ್ರಸ್ತೀಯಾ? ತಲಿ ನೆಟ್ಟಗೈತೇನು?"

"ಕಣ್ಣಿದ್ದ ನಾವು ಏನು ಹಿಡದ್ವಿ, ಕೆಸರು."

ಮೈಲಮ್ಮನನ್ನು ಎತ್ತಿ ಹರಿಗೋಲಿನಲ್ಲಿ ಕೂರಿಸಿದಾಗ ದಡದಲ್ಲಿದ್ದವರು ನಗುವುದನ್ನೂ ಮರೆತು ನೋಡಿದರು. ಅಜ್ಜಿ ಎರಡು ಕೈಯಲ್ಲೂ ಅಂಚು ಹಿಡಿದು, ಮುಖ ಎತ್ತಿ ಕೂತಳು. ಡಬ್ಬಿಗಳ ನಡುವೆ ಬಂದಾಗ ಜಂಬಕ್ಕ ಹೇಳತೊಡಗಿದಳು, "ಅಜ್ಜಿ, ಚಾವಡಿ ದಾಟಿದ್ವಿ. ಈಗ ಗುಡಿ ಬರ್ತೈತಿ."

"ನಿಂದ್ರಿಸು! ಗುಡಿ ಮುಂದ ಹೋಗಬ್ಯಾಡ."

"ಯಾಕ?"

"ನಾವು ಗುಡಿ ಮುಂದ ಹಾಯಂಗಿಲ್ಲ. ಗೌಡ್ರ ಹಿತ್ತಲ ಹಿಂದ ಸುತ್ತು ಹಾಕಿ, ಬೇಲಿಗುಂಟ ಹೋಗಿ, ಗುಡಿ ಬೆನ್ನ ಹಿಂದ ಬರಬೇಕು. ಬಿಸಲಾಗ ಬುತ್ತಿ ಹೊತ್ಕೊಂಡು ದಿನಾ ಹಂಗ ಹೋಗ್ತಿದ್ದೆ."

ಪಕ್ಕೀರಪ್ಪನ ಹುಟ್ಟು ನಿಂತಿತು. ಜಂಬಕ್ಕನ ಮೈಯೆಲ್ಲ ಉರಿಯಿತು. ಗುಡಿಗೆ ಕಲ್ಲು ಸೀಳಿದ ಅಪ್ಪನಿಗೆ ಊಟ ಒಯ್ಯುವ ಹುಡುಗಿ, ಆ ಗುಡಿಯ ಮುಂದೆ ಕಾಲಿಡದೆ ಬೇಲಿಯ ಮುಳ್ಳಿನಲ್ಲಿ ಸುತ್ತಿ ಹೋಗಬೇಕು. ಅಷ್ಟು ವರ್ಷ ನೀರಿನಲ್ಲಿ ನೆನೆದರೂ ಆ ಕಟ್ಟಳೆ ಕರಗಿರಲಿಲ್ಲ, ಮುದುಕಿಯ ಎದೆಯಲ್ಲಿ ಗಟ್ಟಿಯಾಗಿ ಕೂತಿತ್ತು.

ಅವಳು ಗಂಡನ ಕೈಯಿಂದ ಹುಟ್ಟು ಕಿತ್ತುಕೊಂಡಳು. "ಅಜ್ಜಿ, ಈಗ ಗುಡಿ ಮ್ಯಾಲೆ ನೀರೈತಿ. ನೀರಿನ ಮ್ಯಾಲೆ ನೀನು ಅದೀ. ಗಟ್ಟಿ ಹಿಡ್ಕೋ," ಎಂದು ಕಾವಿ ಬಟ್ಟೆಯ ಡಬ್ಬಿಯ ಮುಂದಿನಿಂದಲೇ, ಅಂಗುಲವೂ ಸುತ್ತು ಹಾಕದೆ ಹಾಯ್ದಳು. ಮೈಲಮ್ಮ ಮೊದಲು ಕೈ ಜೋಡಿಸಿದಳು. ಆಮೇಲೆ ಏನನ್ನಿಸಿತೋ, ಜೋಡಿಸಿದ ಕೈ ಬಿಟ್ಟು ನೀರಿನಲ್ಲಿ ಅದ್ದಿ, ಮುಖಕ್ಕೆ ಚಿಮುಕಿಸಿಕೊಂಡು, "ತಂಪೈತಿ," ಎಂದಳು.

ಕಾವಿ ಬಟ್ಟೆಯನ್ನು ಬೆನ್ನಿಗೆ ಹಾಕಿಕೊಂಡು ಕಣಿವೆಯತ್ತ ಹುಟ್ಟು ಹಾಕಿದರು. ಯರ್ರೆಪ್ಪನ ಹಳದಿ ಡಬ್ಬಿಯೂ ಹಿಂದಾಯಿತು, ಊರು ಮುಗಿಯಿತು. ಬಲಕ್ಕೆ ಕರಿಗುಡ್ಡ ನಿಧಾನವಾಗಿ ಸರಿಯಿತು, ಅದರ ಬೆನ್ನಿನಿಂದ ಕಳ್ಳಗುಡ್ಡ ಮೂಗು ಹೊರಗೆ ಹಾಕಿತು. ಜಂಬಕ್ಕ ಸಮ್ಮಟಿಗೆ ಇಳಿಬಿಟ್ಟಳು. ಹಗ್ಗ ಸರಸರ ಇಳಿಯಿತು, ಇಳಿಯಿತು, ಥಟ್ಟನೆ ನಿಂತಿತು. ಟಣ್ಣೆಂದು ಹೊಡೆದದ್ದು ಮಣಿಕಟ್ಟಿನಿಂದ ಮೊಣಕೈಗೆ ಏರಿತು. ಎತ್ತಿ ಇನ್ನೊಮ್ಮೆ ಬಿಟ್ಟಳು. ಟಣ್. ಆಚೆ ಬಿಟ್ಟಳು. ಟಣ್. ಅಪ್ಪ ಒಡೆಯುವಾಗ ಪಕ್ಕದಲ್ಲಿ ಕೂತು ಅವಳು ಆ ಪೆಟ್ಟನ್ನು ಬಾಲ್ಯವೆಲ್ಲ ಕೇಳಿದ್ದಳು. ಹಗ್ಗವನ್ನು ಅಜ್ಜಿಯ ಕೈಗೆ ಕೊಟ್ಟಳು. ಮುದುಕಿ ಅದನ್ನು ಎತ್ತಿ ಇಳಿಸಿ, ಎತ್ತಿ ಇಳಿಸಿ, ಕಣ್ಣೀರು ಸುರಿಸಿದಳು.

ಗೋಡೆಯ ಸುತ್ತ ಬಲೆ ನಡೆಯುತ್ತದೆ, ಒಡೆದ ಕಲ್ಲಿನ ಚೂಪಿಗೆ ಹರಿಯುತ್ತದೆ. ಹಾಗಾಗಿ ಸಣ್ಣ ಜಿಲೇಬಿ ಮೀನು ಚುಚ್ಚಿ ಗಾಳ ಇಳಿಬಿಟ್ಟರು. ಎಲೆ ಅಡಿಕೆ ಹಾಕಿಕೊಳ್ಳುವಷ್ಟೂ ಹೊತ್ತು ಹೋಗಲಿಲ್ಲ, ಗಾಳದ ದಾರ ಬಿಗಿದು ಹರಿಗೋಲೇ ಓರೆಯಾಯಿತು. ಮೇಲೆ ಬಂದದ್ದು ಪಕ್ಕೀರಪ್ಪನ ಸೊಂಟದೆತ್ತರಕ್ಕೆ ಬರುವ ಬಾಳೆ ಮೀನು, ಬಾಯಿ ತುಂಬ ಹಲ್ಲು. ಅದು ಬುಟ್ಟಿಯಲ್ಲಿ ಬಡಿದಾಡಿದಾಗ ಪಕ್ಕೀರಪ್ಪ ಕಾಲು ಎತ್ತಿಕೊಂಡು ಕೂತ, ಮೈಲಮ್ಮ ಎಳೆಯ ಹುಡುಗಿಯ ಹಾಗೆ ಕಿಸಕ್ಕನೆ ನಕ್ಕಳು. ಇನ್ನೊಂದು ಬಂತು, ಮತ್ತೊಂದು ಬಂತು. ಸಾಕೆನಿಸಿದ ಮೇಲೆ ಜಂಬಕ್ಕ ಕೊಕ್ಕೆ ಕಟ್ಟಿದ ಹಗ್ಗವೊಂದನ್ನು ಇಳಿಸಿ ತಳದ ಕಲ್ಲಿಗೆ ಸಿಕ್ಕಿಸಿ, ಮೇಲಿನ ತುದಿಗೆ ತಾನು ತಂದಿದ್ದ ಡಬ್ಬಿ ಕಟ್ಟಿದಳು. ಅದಕ್ಕೆ ತನ್ನ ಹಳೆಯ ಕೆಂಪು ಕುಪ್ಪಸದ ಚೂರು ಬಿಗಿದಳು.

ದಡದಲ್ಲಿ ಇಸಾಕಸಾಬ ತಕ್ಕಡಿ ಇಟ್ಟುಕೊಂಡು ಕೂತಿದ್ದ. ಅಲ್ಲಿ ಒಂದು ವಾಡಿಕೆ, ಬುಟ್ಟಿ ಇಳಿಸಿದ ಕೂಡಲೇ ಅವನು ಯಾರ ಮನೆಯ ಮೀನು ಎಂದು ಕೇಳುತ್ತಾನೆ, ತಂದವರು ಮನೆಯ ಹೆಸರು ಹೇಳುತ್ತಾರೆ. ಜಂಬಕ್ಕನ ಕಿವಿಗೆ ದಿನವೂ ಆ ಪ್ರಶ್ನೆ ಬೀಳುತ್ತಿತ್ತು, ಅವಳನ್ನು ಯಾರೂ ಕೇಳಿರಲಿಲ್ಲ.

"ಯಾ ಅಲ್ಲಾ!" ಎಂದ ಇಸಾಕಸಾಬ. ಮೀನುಗಳನ್ನು ನೋಡಿದ, ಅವಳನ್ನು ನೋಡಿದ. ಆಮೇಲೆ ಬೇಕೆಂದೇ ಎಲ್ಲರಿಗೂ ಕೇಳುವ ಹಾಗೆ ದನಿ ಎತ್ತಿದ, "ಜಂಬಕ್ಕ, ಯಾರ ಮನಿ ಮೀನು ಇದು?"

"ನಮ್ಮನಿದು."

ಅವಳು ಮನೆ ಮುಟ್ಟುವ ಮೊದಲೇ ಸುದ್ದಿ ಕಟ್ಟೆ ಮುಟ್ಟಿತು.

ಮರುದಿನ ಬೆಳಿಗ್ಗೆ ಜಂಬಕ್ಕ, ಪಕ್ಕೀರಪ್ಪ ಕೆಂಪು ಬಟ್ಟೆಯ ಡಬ್ಬಿಯ ಬಳಿ ಗಾಳ ಬಿಟ್ಟು ಕೂತಿದ್ದಾಗ ಮೂರು ಹರಿಗೋಲುಗಳು ಬಂದವು. ಮುಂದಿನದರಲ್ಲಿ ಯರ್ರೆಪ್ಪ, ಅವನ ಹುಟ್ಟು ಹಾಕುತ್ತಿದ್ದವನು ತಮ್ಮ ದುರುಗಣ್ಣ. ಹಿಂದೆ ಕಟ್ಟೆಯ ಗಂಡಸರು. ಯರ್ರೆಪ್ಪನ ಕೈಯಲ್ಲಿ ಕುಡುಗೋಲಿತ್ತು.

"ಯಾರನ್ನ ಕೇಳಿ ಡಬ್ಬಿ ಕಟ್ಟಿದಿ?"

"ಕಲ್ಲು ಸಿಕ್ತು, ಕಟ್ಟಿದೆ."

"ಯಾರ ಮನಿ ಕಲ್ಲು?"

"ಯಾರ ಮನಿದೂ ಅಲ್ರಿ. ನಮ್ಮ ಹಿರಿಯರ ಕಲ್ಲುಗುಂಡಿ."

"ಗುಂಡಿ ಅಂದ್ರ ಊರ ಆಸ್ತಿ. ಮನಿ ಅಲ್ಲ ಅಂದ್ಮ್ಯಾಲೆ ಹಕ್ಕಿಲ್ಲ." ಯರ್ರೆಪ್ಪ ಬಗ್ಗಿ ಅವಳ ಡಬ್ಬಿಯ ಹಗ್ಗ ಹಿಡಿದ. "ಮೊದಲ ಗಂಟೂ ನಂದಲ್ಲ. ಕೊಯ್ದ್ರ ತಪ್ಪಿಲ್ಲ."

"ಕೊಯ್ರಿ," ಎಂದಳು ಜಂಬಕ್ಕ. "ಆದ್ರ ಅದಕಿಂತ ಮುಂಚೆ ಕಟ್ಟಿ ಮ್ಯಾಲೆ ಆಡಿದ ಮಾತು ನುಂಗ್ರಿ. ಒಂದು ಕಲ್ಲು ತೋರ್ಸು, ನನ್ನ ಕೈಯಾರ ಕಟ್ಟತೀನಿ ಅಂದಿದ್ರಿ. ಮಾರ್ನವಮಿ ಇನ್ನೂ ಬಂದಿಲ್ಲ."

"ಎಲ್ಲೈತಿ ಕಲ್ಲು? ತೋರ್ಸು!"

"ನಿಂದರ್ರಿ."

ಪಕ್ಕೀರಪ್ಪನಿಗೆ ಅರ್ಥವಾಗುವ ಮುಂಚೆ ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ಗಟ್ಟಿ ಹಗ್ಗದ ಒಂದು ತುದಿ ಗಂಡನ ಮಡಿಲಿಗೆ ಎಸೆದು, ಇನ್ನೊಂದನ್ನು ಕೈಗೆ ಸುತ್ತಿಕೊಂಡು ನೀರಿಗೆ ಧುಮುಕಿದ್ದಳು. ಹರಪನಹಳ್ಳಿಯ ಕಡೆ ಅಪ್ಪ ಕ್ವಾರಿಯಲ್ಲಿ ಕಲ್ಲು ಒಡೆಯುತ್ತಿದ್ದಾಗ, ಮಳೆನೀರು ತುಂಬಿದ ಹಳೆಯ ಗುಂಡಿಗಳಲ್ಲಿ ಮುಳುಗಿ ಎದ್ದು ಬೆಳೆದವಳು. ಡಬ್ಬಿಯ ಹಗ್ಗ ಹಿಡಿದುಕೊಂಡೇ ಇಳಿದಳು. ಕೆಂಪು ನೀರು, ಕಣ್ಣು ಬಿಟ್ಟರೂ ಮುಚ್ಚಿದರೂ ಒಂದೇ. ಕಿವಿ ನೋಯತೊಡಗಿತು. ಕೈಗೆ ಪಾಚಿ ಸಿಕ್ಕಿತು, ಪಾಚಿಯ ಕೆಳಗೆ ಕಲ್ಲು. ಅವಳು ಕುರುಡಿಯ ಹಾಗೆ ಒಂದೊಂದನ್ನೂ ತಡವಿದಳು. ಇದು ಒಡೆದ ಚೂರು. ಇದು ಬರೀ ಗುಂಡು. ಇದು ತೀರ ದೊಡ್ಡದು. ಎದೆಯಲ್ಲಿ ಉಸಿರು ಮುಗಿಯುತ್ತಿತ್ತು. ಆಗ ಬೆರಳುಗಳು ಒಂದು ಗುಳಿಯಲ್ಲಿ ಇಳಿದವು. ಪಕ್ಕದಲ್ಲಿ ಇನ್ನೊಂದು ಗುಳಿ. ಅದರ ಪಕ್ಕ ಇನ್ನೊಂದು. ಅಳಗುಳಿ ಮಣೆಯ ಹಾಗೆ, ಒಂದೇ ಸಾಲಿನಲ್ಲಿ. ಕೈಯಲ್ಲಿದ್ದ ಹಗ್ಗವನ್ನು ಆ ಕಲ್ಲಿಗೆ ಸುತ್ತಿ ಬಿಗಿದಳು.

ಮೇಲೆ ಪಕ್ಕೀರಪ್ಪ ನೀರನ್ನೇ ನೋಡುತ್ತಿದ್ದ. "ಎಷ್ಟೊತ್ತಾತು! ಯಾರಾದ್ರೂ ಇಳೀರ್ರಿ!" ಎಂದು ಕೂಗಿದ. ದುರುಗಣ್ಣ ಅಂಗಿ ಬಿಚ್ಚಿ ಎದ್ದು ನಿಂತ. ಅಷ್ಟರಲ್ಲಿ ಜಂಬಕ್ಕನ ತಲೆ ಮೇಲೆದ್ದಿತು. ಹರಿಗೋಲಿನ ಅಂಚು ಹಿಡಿದು ಕೆಮ್ಮಿದಳು, ಉಸಿರೆಳೆದಳು, "ಎಳೀರಿ," ಎಂದಳು.

ಪಕ್ಕೀರಪ್ಪ ಎಳೆದ. ಕಲ್ಲು ಅಲುಗಿತು, ಹರಿಗೋಲೂ ಅವನ ಕಡೆ ಬಾಗಿ ನೀರು ತುಂಬತೊಡಗಿತು. ಒಬ್ಬನಿಂದ ಆಗುವ ಕೆಲಸವಲ್ಲ. ಕಟ್ಟೆಯ ಗಂಡಸರು ಒಬ್ಬರ ಮುಖ ಒಬ್ಬರು ನೋಡಿದರು. ದುರುಗಣ್ಣ ಅಣ್ಣನತ್ತ ತಿರುಗಿಯೂ ನೋಡದೆ ಕೈ ಚಾಚಿ ಹಗ್ಗ ಹಿಡಿದ.

"ಲೇ ದುರುಗ!" ಎಂದ ಯರ್ರೆಪ್ಪ.

"ಮಾತು ಆಡಿದೋನು ನೀನಣ್ಣ. ನೋಡೇ ಬಿಡೋಣ," ಎಂದು ದುರುಗಣ್ಣ ಎಳೆಯತೊಡಗಿದ. ಎರಡು ಹರಿಗೋಲು ಒಂದಕ್ಕೊಂದು ಒತ್ತಿ ನಿಂತವು, ಹಗ್ಗ ನಡುವಿನಿಂದ ಮೇಲೆ ಬಂತು. ಕೊನೆಗೆ ಒರಳಿನಷ್ಟು ದೊಡ್ಡ ಕಲ್ಲೊಂದು ನೀರಿನಿಂದ ಮೈ ಹೊರಗೆ ಹಾಕಿತು. ಜಂಬಕ್ಕ ನೀರಿನಲ್ಲಿದ್ದುಕೊಂಡೇ ಅಂಗೈಯಿಂದ ಪಾಚಿ ಉಜ್ಜಿದಳು. ಕಲ್ಲಿನ ನೆತ್ತಿಯ ಮೇಲೆ ಉಳಿಯಿಂದ ತೋಡಿದ ಗುಳಿಗಳ ಸಾಲು, ಒಂದು ಕೂದಲೂ ಓರೆಯಾಗದಂತೆ. ಸೀಳಲು ಗುಳಿ ತೋಡಿ, ಸೀಳದೆ ಬಿಟ್ಟ ಕಲ್ಲು.

"ನೋಡ್ರಿ ಯಜಮಾನ್ರ. ಈ ಗುಳಿ ಯಾರ ಕೈ ಕೆಲಸ? ನಿಮ್ಮ ಮನಿಯೋರದೇನು?"

ಪ್ರತಿ ಬೇಸಿಗೆ ಯರ್ರೆಪ್ಪ ಹಗ್ಗ ಕಟ್ಟುವ ಗೋಡೆಯ ಕಲ್ಲುಗಳ ಅಂಚಿನಲ್ಲಿ, ಸೀಳಿದಾಗ ಉಳಿದ ಅಂಥದೇ ಅರ್ಧ ಗುಳಿಗಳಿದ್ದವು. ಅದು ಅವನಿಗೂ ಗೊತ್ತಿತ್ತು, ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

"ಒಂದು ಕಲ್ಲಿಂದ ಏನಾತು?" ಎಂದ ಕೊನೆಗೆ. "ಕಲ್ಲೆಲ್ಲ ಊರಿಗೆ ಅಂತ ಒಡದದ್ದು."

"ಹೌದ್ರಿ. ಒಡದ್ರು, ಹೊತ್ರು, ನಿಮ್ಮ ಬಾಗಲಿಗೆ ತಂದು ಇಳಿಸಿದ್ರು. ಆಮ್ಯಾಲೆ ಗುಡಿ ಮುಂದ ಹಾಯದಂಗ ಬೇಲಿಗುಂಟ ಸುತ್ತಿ ಮನಿಗೆ ಹೋದ್ರು. ನಾನೇನು ಅದನ್ನ ತಿರುಗಿ ಕೇಳಾಕತ್ತಿಲ್ಲ. ನಿಮ್ಮ ಮನಿಗೆ ಬಂದ ಕಲ್ಲು ನಿಮ್ಮದು, ಅದರ ಮೀನೂ ನಿಮ್ಮದು." ಅವಳು ಕಲ್ಲಿನ ಮೇಲೆ ಕೈಯಿಟ್ಟಳು. "ಯಾರ ಮನಿಗೂ ಹೋಗದ ಕಲ್ಲು ನಮ್ಮದು. ಊರು ಬ್ಯಾಡಂದದ್ದು ನಮಗ ಉಳ್ದೈತಿ. ಇದನ್ನೂ ನಿಮ್ಮದು ಅಂತೀರಾ? ಅನ್ರಿ, ಇಷ್ಟು ಜನದ ಮುಂದ ಅನ್ರಿ. ಆಗ ನಾನು ನಿಮ್ಮ ಹಳದಿ ಡಬ್ಬಿಯಿಂದ ಸುರು ಮಾಡಿ ಒಂದೊಂದು ಗ್ವಾಡಿನೂ ಎಣಿಸ್ಕೊಂತ ಬರ್ತೀನಿ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕಟ್ಟೆಯ ಮೇಲೆ ನಕ್ಕಿದ್ದ ಗಂಡಸರು ಈಗ ಯರ್ರೆಪ್ಪನನ್ನು ನೋಡುತ್ತಿದ್ದರು. ಯಾರ ಮುಖದಲ್ಲೂ ನಗುವಿರಲಿಲ್ಲ. ಹಿಂದಿನ ಹರಿಗೋಲಿನಿಂದ ಯಾರೋ, "ಕಟ್ಟಿಬಿಡ್ರಿ ಯರ್ರೆಪ್ಪಣ್ಣ, ಮಾತು ಮಾತ," ಎಂದರು. ದುರುಗಣ್ಣ ಹಗ್ಗ ಬಿಡದೆ ಹಲ್ಲು ಕಚ್ಚಿ ನಿಂತಿದ್ದ. "ಲಗೂನ ಏನಾರ ಮಾಡಣ್ಣ, ನನ್ನ ಕೈ ಕಿತ್ತು ಬರ್ತಾವು."

ಯರ್ರೆಪ್ಪ ಕುಡುಗೋಲನ್ನು ಕಾಲ ಬಳಿ ಇಟ್ಟ. ಜಂಬಕ್ಕನ ಡಬ್ಬಿ ಬಿಚ್ಚಿ, ಆ ಕಲ್ಲಿಗೆ ಕಟ್ಟಿದ್ದ ಹಗ್ಗದ ತುದಿಯನ್ನು ಡಬ್ಬಿಯ ಹಿಡಿಕೆಯಲ್ಲಿ ತೂರಿಸಿ, ಮುಖ ಆಚೆ ತಿರುಗಿಸಿಕೊಂಡೇ ಒಂದು ಗಂಟು ಹಾಕಿದ. "ಆತಲ್ಲ?" ಎಂದು ಕೈ ಒರೆಸಿಕೊಂಡ.

ಜಂಬಕ್ಕ ಹರಿಗೋಲು ಹತ್ತಿರಲಿಲ್ಲ. ನೀರಿನಲ್ಲೇ ಈಜುತ್ತ ಬಂದು ಗಂಟನ್ನು ಬೆರಳಿನಿಂದ ಎಳೆದು ನೋಡಿದಳು. ಅದು ಸಡಿಲಾಗಿ ಜಾರಿತು.

"ನಿಮ್ಮ ಮನಿ ಡಬ್ಬಿಗೆ ಹಿಂಗ ಕಟ್ಟತೀರೇನ್ರಿ ಯಜಮಾನ್ರ?"

ಯರ್ರೆಪ್ಪ ಅವಳನ್ನು ನೋಡಿದ. ಒದ್ದೆ ಕೂದಲು ಕೆನ್ನೆಗೆ ಅಂಟಿತ್ತು, ಕಣ್ಣು ಕೆಂಪಾಗಿದ್ದವು, ಅವು ಅವನ ಮುಖ ಬಿಟ್ಟು ಕದಲಲಿಲ್ಲ. ಅವನು ಗಂಟು ಬಿಚ್ಚಿದ. ಈ ಸಲ ಎರಡು ಸುತ್ತು ಸುತ್ತಿ, ಮೊಣಕಾಲು ಊರಿ, ಹಲ್ಲಿನಿಂದ ತುದಿ ಕಚ್ಚಿ ಎಳೆದು ಬಿಗಿದ. ಜಂಬಕ್ಕ ಮತ್ತೆ ಜಗ್ಗಿ ನೋಡಿದಳು. ಗಂಟು ಅಲುಗಲಿಲ್ಲ.

"ಈಗ ಬಿಡ್ರಿ," ಎಂದಳು.

ದುರುಗಣ್ಣನೂ ಪಕ್ಕೀರಪ್ಪನೂ ಕೈ ಸಡಿಲಿಸಿದರು. ಕಲ್ಲು ತನ್ನ ಜಾಗಕ್ಕೆ ಇಳಿಯಿತು, ಹಗ್ಗ ನೆಟ್ಟಗಾಯಿತು, ಕೆಂಪು ಬಟ್ಟೆಯ ಡಬ್ಬಿ ಒಮ್ಮೆ ಮುಳುಗಿ ಮೇಲೆದ್ದು ನಿಂತಿತು. ಆಮೇಲೆ ಜಂಬಕ್ಕ ಹರಿಗೋಲು ಹತ್ತಿ, ಸೆರಗು ಹಿಂಡಿ, ಗಾಳಕ್ಕೆ ಹೊಸ ಮೀನು ಚುಚ್ಚಿದಳು. "ದೂರ ಸರೀರಿ ಎಲ್ಲಾರೂ," ಎಂದಳು. "ನಮ್ಮನಿ ಮ್ಯಾಲೆ ನಿಂತೀರಿ."